1530ರ ಸಿಪ್ರಿಯನ್: ಪುಸ್ತಕಕ್ಕೆ ಐದು ಸ್ಟಾರ್, ಮಾರಿದವರಿಗೆ ಎರಡು

ಮಾರಿದವರಿಗೆ ಕೊಟ್ಟ ಎರಡೂ ಸ್ಟಾರ್ ಪ್ಯಾಕಿಂಗಿಗೆ. ಅದೊಂದು ಚೆನ್ನಾಗಿತ್ತು.

ಇದು ಸಿಪ್ರಿಯನ್‌ನ ಲ್ಯಾಟಿನ್ ಬರಹಗಳ ಸಂಪುಟ, ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಫ್ರೋಬೆನ್ ಅಚ್ಚುಮನೆಯದು. ಸಿಪ್ರಿಯನ್ ಉತ್ತರ ಆಫ್ರಿಕಾದ ಕಾರ್ತೇಜಿನ ಬಿಷಪ್. 258ರಲ್ಲಿ ರೋಮನ್ನರು ಅವನ ತಲೆ ಕಡಿಸಿದರು. ರೋಮನ್ನರ ಹಿಂಸೆಗೆ ಹೆದರಿ ಕ್ರೈಸ್ತ ನಂಬಿಕೆ ಬಿಟ್ಟವರನ್ನು ಮತ್ತೆ ಚರ್ಚಿಗೆ ಸೇರಿಸಿಕೊಳ್ಳಬೇಕಾ ಬೇಡವಾ ಅನ್ನೋ ಜಗಳದ ನಡುವೆ ಕೂತು ಬರೆದವನು. ಅವನ ಪತ್ರಗಳಲ್ಲಿ ಆ ಜಗಳದ ಬಿಸಿ ಇನ್ನೂ ಆರಿಲ್ಲ.

ಸಂಪಾದಕ ಎರಾಸ್ಮಸ್, ಆ ಕಾಲದ ಯುರೋಪಿನ ದೊಡ್ಡ ವಿದ್ವಾಂಸ. ಅವನ ಮೊದಲ ಸಿಪ್ರಿಯನ್ ಇದೇ ಅಚ್ಚುಮನೆಯಿಂದ 1520ರಲ್ಲಿ ಬಂತು, ಕೊಳ್ಳುವವರು ಸಾಮಾನ್ಯವಾಗಿ ಹುಡುಕುವುದೂ ಅದನ್ನೇ. ನಾನು ಬೇಕಂತಲೇ 1530ರದ್ದು ತೆಗೆದುಕೊಂಡೆ. ಯಾಕಂದ್ರೆ ಎರಾಸ್ಮಸ್‌ನ ಕಿತಾಪತಿ ಇರೋದು ಇದರಲ್ಲಿ. 'ದೆ ದುಪ್ಲಿಚಿ ಮಾರ್ತಿರಿಯೋ' (ಎರಡು ಬಗೆಯ ಹುತಾತ್ಮತೆ) ಅಂತ ಒಂದು ಬರಹ ಇಲ್ಲಿ ಹೊಸದಾಗಿ ಸೇರಿದೆ. ಹಳೇ ಗ್ರಂಥಭಂಡಾರದಲ್ಲಿ ಸಿಕ್ಕಿತು ಅಂದ ಅವನು. ಅವನೇ ಬರೆದು ಸೇರಿಸಿದ್ದು ಅನ್ನುತ್ತಾರೆ ಈಗಿನ ಬಹಳಷ್ಟು ವಿದ್ವಾಂಸರು. ರಕ್ತ ಸುರಿಸಿ ಸಾಯೋದು ಮಾತ್ರ ಅಲ್ಲ, ದಿನಾ ನೆಟ್ಟಗೆ ಬದುಕೋದೂ ಹುತಾತ್ಮತೆಯೇ ಅನ್ನೋದು ಅದರ ವಾದ. ಪಕ್ಕಾ ಎರಾಸ್ಮಸ್ ಮಾತು, ಅಲ್ವಾ? ದೊಡ್ಡವರ ಹೆಸರಿನಲ್ಲಿ ನುಸುಳಿದ ಖೋಟಾ ಬರಹಗಳನ್ನು ಹೆಕ್ಕಿ ತೆಗೆಯುವುದರಲ್ಲಿ ಎತ್ತಿದ ಕೈ ಆಗಿದ್ದವನು ತಾನೇ ಒಂದು ನುಸುಳಿಸಿದ ಅನ್ನೋದು ನನಗಂತೂ ಈ ಪುಸ್ತಕದ ಅರ್ಧ ಮಜಾ.

ಇನ್ನು ಕೈಗೆ ಬಂದ ಪ್ರತಿ. ಫೋಲಿಯೋ ಅನ್ನೋ ದೊಡ್ಡ ಗಾತ್ರ, ಮರದ ಹಲಗೆ ಮೇಲೆ ಹಂದಿಚರ್ಮ. ಮಡಿಲಲ್ಲಿಟ್ಟು ಓದಿದರೆ ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ. ಕಾಗದ ಮಾತ್ರ ಬೆರಗು. ನಾರುಬಟ್ಟೆಯ ಚಿಂದಿ ಕೊಳೆಸಿ ಮಾಡಿದ್ದು, ಸುಮಾರು 500 ವರ್ಷ ಆದರೂ ಮಡಚಿದರೆ ಮುರಿಯುವುದಿಲ್ಲ, ನನ್ನ ಹತ್ತಿರವೇ ಇರುವ 40 ವರ್ಷದ ಪೇಪರ್‌ಬ್ಯಾಕ್‌ಗಳು ಮುಟ್ಟಿದರೆ ಪುಡಿಯಾಗುತ್ತವೆ. ಓದೋಕೆ ಮೊದಲ ವಾರ ತಲೆನೋವು. 'ಎಸ್' ಅಕ್ಷರ 'ಎಫ್' ಥರ ಕಾಣುತ್ತೆ, ಪದಗಳನ್ನು ಅರ್ಧಕ್ಕೆ ಕತ್ತರಿಸಿ ಗುರುತು ಹಾಕಿರ್ತಾರೆ. ಅಕ್ಷರದ ಮೇಲೊಂದು ಗೆರೆ ಇದ್ದರೆ ಮುಂದೆ 'ಮ್' ಅಥವಾ 'ನ್' ಇದೆ ಅಂತ ಅರ್ಥ. ನಮ್ಮ ಸೊನ್ನೆಯ ಕೆಲಸವೇ ಅದು ಅಂತ ಹೊಳೆದ ಮೇಲೆ ಸರಾಗವಾಯಿತು.

ತಕರಾರು ಈಗ. ವಿವರಣೆಯಲ್ಲಿ 'ಪೂರ್ಣ ಪ್ರತಿ' ಅಂತಿತ್ತು. ಪುಟದ ಕೆಳಗೆ ಬೈಂಡಿಂಗಿನವರಿಗಾಗಿ ಅಚ್ಚು ಹಾಕಿರುವ ಅಕ್ಷರ, ಅಂಕಿ ಹಿಡಿದು ಒಂದೊಂದೇ ಹಾಳೆ ಎಣಿಸುತ್ತಾ ಹೋದೆ. ಕೊನೆಯ ಹಾಳೆಯೇ ಇಲ್ಲ. ಫ್ರೋಬೆನ್ ಲಾಂಛನ ಇರಬೇಕಾದ ಜಾಗ ಅದು: ಕೋಲಿಗೆ ಸುತ್ತಿದ ಎರಡು ಹಾವು, ತುದಿಯಲ್ಲಿ ಪಾರಿವಾಳ. ಯಾರೋ ಚಿತ್ರದ ಆಸೆಗೆ ಕತ್ತರಿಸಿಕೊಂಡಿರಬೇಕು. ಹುಳುವಿನ ತೂತುಗಳ ಸುದ್ದಿಯೂ ವಿವರಣೆಯಲ್ಲಿ ಇರಲಿಲ್ಲ. ಮೂರು ಮೇಲ್ ಆದ ಮೇಲೆ ಸ್ವಲ್ಪ ದುಡ್ಡು ವಾಪಸ್ ಬಂತು. ಇಂಥದ್ದು ಕೊಳ್ಳುವ ಮುಂಚೆ ಕೊನೆಯ ಹಾಳೆಯ ಫೋಟೋ ಕೇಳಿ, ನಾಚಿಕೊಳ್ಳಬೇಡಿ.

ಮಾರಿದವರು ಹೇಳಿದ್ದ ಒಂದೇ ದೋಷ 'ಮುಖಪುಟದಲ್ಲಿ ಶಾಯಿ ಕಲೆ'. ಅದು ಕಲೆಯೇ ಅಲ್ಲ. 1559ರಲ್ಲಿ ಪೋಪ್ ನಾಲ್ಕನೇ ಪೌಲನ ನಿಷೇಧಪಟ್ಟಿ ಎರಾಸ್ಮಸ್‌ನ ಎಲ್ಲ ಬರಹಗಳನ್ನೂ ಕಟ್ಟಿಹಾಕಿತು. ಆಮೇಲೆ ಎಷ್ಟೋ ಪ್ರತಿಗಳಲ್ಲಿ ಅವನ ಹೆಸರಿಗೆ ಮಸಿ ಬಳಿದರು. ನನ್ನ ಪ್ರತಿಯಲ್ಲೂ ಮುಖಪುಟ, ಮುನ್ನುಡಿ, ಎಲ್ಲಾ ಕಡೆ ಹೊಡೆದು ಹಾಕಿದ್ದಾರೆ. ಆದರೆ ಬಳಿದದ್ದು ಕಬ್ಬಿಣದ ಶಾಯಿ, ಅದು ಕಾಲ ಹೋದಂತೆ ಕಂದಾಗಿ ತಿಳಿಯಾಗುತ್ತೆ. ಅಚ್ಚಿನ ಮಸಿ ಎಣ್ಣೆಗೆ ಕಾಡಿಗೆ ಕಲಸಿದ್ದು, ಕಪ್ಪಾಗೇ ಉಳಿಯುತ್ತೆ. ಈಗ ಬೆಳಕಿಗೆ ಓರೆಯಾಗಿ ಹಿಡಿದರೆ ಹೆಸರು ಪೂರ್ತಿ ಓದಬಹುದು.

ಮತ್ತೆ ಆ ಖೋಟಾ ಬರಹ? ಅದರ ಮೇಲೆ ಒಂದು ಗೆರೆಯೂ ಇಲ್ಲ. ಸಿಪ್ರಿಯನ್‌ನದ್ದೇ ಅಂದುಕೊಂಡು ಬಿಟ್ಟಿದ್ದಾರೆ ಪುಣ್ಯಾತ್ಮರು. ಅಂಚಿನಲ್ಲಿ ಅದೇ ಕಂದು ಶಾಯಿಯಲ್ಲಿ ಎರಡು ಕಡೆ 'ನೋತಾ' ಅಂತ ಬೇರೆ ಬರೆದಿದ್ದಾರೆ, ಗಮನಿಸಿ ಅಂತ.