ಪಿಸಿಬಿ ಮಾಡಿ ಉಳಿದ ನೀರನ್ನು ಸ್ಟೀಲ್ ಸಿಂಕಿಗೆ ಸುರಿಯಬೇಡಿ

ಮನೆಯಲ್ಲೇ ಪಿಸಿಬಿ (ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಕೂರಿಸುವ ಸರ್ಕ್ಯೂಟ್ ಬೋರ್ಡ್) ಮಾಡಲು ಹೊರಟವರು ಇದನ್ನೊಮ್ಮೆ ಓದಿ. ನಾನು ಒಂದು ಸಿಂಕ್ ಹಾಳು ಮಾಡಿದ್ದೇನೆ. ಅದೂ ನಮ್ಮದಲ್ಲ, ಓನರ್ ಆಂಟಿಯದು.

ಮೈಸೂರಿನ ಸರಸ್ವತಿಪುರಂನಲ್ಲಿ ಬಾಡಿಗೆಗಿದ್ದೇನೆ. ಮೇಲಿನ ಟ್ಯಾಂಕ್ ಯಾವಾಗ ಖಾಲಿಯಾಗುತ್ತದೋ ಗೊತ್ತೇ ಆಗುವುದಿಲ್ಲ. ಅದಕ್ಕೊಂದು ಅಲಾರಾಂ ಮಾಡೋಣ ಅಂತ ಶುರು ಮಾಡಿದ್ದು. ಡಿಸೈನನ್ನು ನುಣುಪು ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆಸಿ, ತಾಮ್ರದ ಬೋರ್ಡಿನ ಮೇಲಿಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದೆ. ಟೋನರ್, ಅಂದರೆ ಪ್ರಿಂಟರಿನ ಕಪ್ಪು ಪುಡಿ, ಚೆನ್ನಾಗಿ ಅಂಟಿತು.

ಆಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್ ಪುಡಿ ಹಾಕಿ ಮೇಲಿಂದ ನೀರು ಸುರಿದೆ. ಚುಯ್ ಅಂತ ಸದ್ದು, ಮುಟ್ಟಲಾಗದಷ್ಟು ಬಿಸಿ, ಮೂಗು ಉರಿಸುವ ಹೊಗೆ. ಹಾಕಬೇಕಾದ್ದು ನೀರು ಮೊದಲು, ಪುಡಿ ಆಮೇಲೆ, ಅದೂ ಚೂರು ಚೂರೇ. ಕಿಟಕಿ ತೆಗೆದು, ಕನ್ನಡಕ, ಗ್ಲೌಸ್ ಹಾಕಿಕೊಂಡು. ಗೊತ್ತಿಲ್ಲದ್ದೇನಲ್ಲ, ಸುಮ್ನೆ ಅವಸರ.

ಬೋರ್ಡನ್ನು ಅದರಲ್ಲಿ ಮುಳುಗಿಸಿದೆ. ಟೋನರ್ ಇಲ್ಲದ ಕಡೆಯ ತಾಮ್ರ ಕರಗಿ, ಅರ್ಧ ಗಂಟೆಯಲ್ಲಿ ಬೋರ್ಡ್ ರೆಡಿ. ರಾತ್ರಿ 11 ಆಗಿತ್ತು. ಉಳಿದ ಕಂದು ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿದು ನಲ್ಲಿ ತಿರುಗಿಸಿದರೆ ನೀರೇ ಇಲ್ಲ. ಟ್ಯಾಂಕ್ ಖಾಲಿ! ಬೆಳಿಗ್ಗೆ ತೊಳೆದರಾಯಿತು ಅಂತ ಮಲಗಿದೆ.

ಬೆಳಿಗ್ಗೆ ನೋಡಿದರೆ ಸಿಂಕಿನ ತಳದಲ್ಲಿ ಸಾಸಿವೆ ಕಾಳಿನಷ್ಟು ಗುಳಿಗಳು. ಜಾಲರಿಯ ಪಕ್ಕ ಒಂದು ಕಡೆ ತೂತೇ ಬಿದ್ದು ಕೆಳಗೆ ತೊಟ್ಟಿಕ್ಕುತ್ತಿತ್ತು. ಆಂಟಿ ಬಂದು, "ತುಕ್ಕು ಹಿಡಿಯಲ್ಲ ಅಂತ ಹೇಳಿ ಕೊಟ್ಟಿದ್ರಲ್ಲಪ್ಪಾ ಇದನ್ನ?" ಅಂದರು.

ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಸ್ಟೇನ್‌ಲೆಸ್ ಸ್ಟೀಲಿಗೆ ಗುಳಿ ಬೀಳುತ್ತದಾ ಅಂತ ಲ್ಯಾಬಿನಲ್ಲಿ ಪರೀಕ್ಷಿಸುವುದೇ ಈ ಫೆರಿಕ್ ಕ್ಲೋರೈಡಿನಿಂದ, ಅದೂ ಶೇ. 6ರಷ್ಟು ತೆಳು ಮಾಡಿ. ನಾನು ಕಲಸಿದ್ದು ಅದಕ್ಕಿಂತ ಎಷ್ಟೋ ಗಟ್ಟಿ. ಅಲ್ಯೂಮಿನಿಯಂ ಪಾತ್ರೆಯನ್ನಂತೂ ಹತ್ತಿರವೂ ತರಬೇಡಿ, ಬಿಸಿಯೇರಿ ನೊರೆ ಉಕ್ಕುತ್ತದೆ.

ಸಿಂಕ್ ಪ್ಲಾಸ್ಟಿಕ್ಕಿನದಾದರೂ ಸುರಿಯಬೇಡಿ. ಬಳಸಿದ ನೀರಿನಲ್ಲಿ ಬೋರ್ಡಿನ ತಾಮ್ರ ಕರಗಿರುತ್ತದೆ, ಮೀನುಗಳಿಗೆ ಅದು ವಿಷ. ನಾನೀಗ ಹೆಸರು ಬರೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಇಟ್ಟು ಮತ್ತೆ ಮತ್ತೆ ಬಳಸುತ್ತೇನೆ. ಇನ್ನು ತಾಮ್ರ ತಿನ್ನುವುದಿಲ್ಲ ಅಂದಾಗ ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ, ನೊರೆ ಬರುವುದು ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವೇ ವಾಷಿಂಗ್ ಸೋಡಾ ಬೆರೆಸಿ. ತಾಮ್ರ ಗಸಿಯಾಗಿ ತಳಕ್ಕೆ ಕೂರುತ್ತದೆ. ಅದನ್ನು ಒಣಗಿಸಿ, ಕಟ್ಟಿ, ಅಪಾಯಕಾರಿ ಕಸ ಅಂತ ಹೇಳಿ ಬೇರೆಯಾಗಿಯೇ ಕೊಡಿ.

ಅಲಾರಾಂ ಚೆನ್ನಾಗಿ ಕೂಗುತ್ತಿದೆ. ಆಂಟಿಯ ಮನೆಗೂ ಒಂದು ಹಾಕಿಕೊಟ್ಟೆ. ಕಾಫಿ ಕೊಟ್ಟರು, ಸಿಂಕಿನ ದುಡ್ಡು ಮಾತ್ರ ಬಿಡಲಿಲ್ಲ.