ಲೈಟು ಹತ್ತುವ ಹೃದಯದ ಮಾದರಿ: ಪಾಠಕ್ಕೆ ಒಳ್ಳೆಯದು, ಚಾರ್ಟು ಸಾಲದು

ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಪಾಠ ಮಾಡುತ್ತೇನೆ. ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಿಂದ ಈ ಮಾದರಿ ತಂದೆ. ಬೆಲೆ 2,400 ರೂಪಾಯಿ. ಹಿಂದಿನ ಬೆಂಚಿನವರಿಗೂ ಕಾಣುವಷ್ಟು ದೊಡ್ಡದಿದೆ.

ಸ್ವಿಚ್ ಒತ್ತಿದರೆ ಬಲ ಹೃತ್ಕರ್ಣದ (ಮೇಲಿನ ಕೋಣೆಯ) ಮೇಲ್ಭಾಗದಲ್ಲಿ, ದೊಡ್ಡ ರಕ್ತನಾಳ ಬಂದು ಸೇರುವ ಕಡೆ, ಹಳದಿ ಲೈಟು ಹತ್ತುತ್ತದೆ. ಅದು ಎಸ್‌ಎ ನೋಡ್, ಅಂದರೆ ಬಡಿತದ ಸಂಕೇತ ಹುಟ್ಟಿಸುವ ಕೋಶಗಳ ಗುಂಪು. ಜಾಗ ಸರಿಯಾಗಿ ತೋರಿಸಿದ್ದಾರೆ. ಬೆಳಕು ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಎವಿ ನೋಡ್‌ಗೆ ಬಂದು ಒಂದು ಕ್ಷಣ ತಡೆದು ಕೆಳಗಿಳಿಯುತ್ತದೆ. ಈ ತಡೆ ನನಗೆ ತುಂಬಾ ಇಷ್ಟವಾಯಿತು. ನಿಜವಾದ ಹೃದಯದಲ್ಲೂ ಸುಮಾರು 0.1 ಸೆಕೆಂಡ್ ತಡವಾಗುತ್ತದೆ. ಅಷ್ಟರಲ್ಲಿ ಮೇಲಿನ ಕೋಣೆಗಳ ರಕ್ತ ಕೆಳಗಿಳಿಯಬೇಕು ಅಲ್ವಾ? ನಮ್ಮ ಹಳೆಯ ಮಾದರಿಯಲ್ಲಿ ಎಲ್ಲಾ ಲೈಟೂ ಒಟ್ಟಿಗೆ ಹತ್ತುತ್ತಿದ್ದವು.

ಆದರೆ ಮೊದಲ ಲೈಟು ಹತ್ತುವುದು ಯಾಕೆ? ಜೊತೆಗೆ ಕೊಟ್ಟ ಚಾರ್ಟಿನಲ್ಲಿ ‘ಇಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ’ ಅಂತ ಒಂದೇ ಸಾಲು. ಮಕ್ಕಳು ಕೇಳುವುದೇ ಅದನ್ನು. "ಮೇಡಂ, ಒಳಗೆ ಸ್ವಿಚ್ ಒತ್ತುವುದು ಯಾರು?"

ಹಾಗಾಗಿ ಕೋಶದ ವೋಲ್ಟೇಜ್ ಹೇಗೆ ಏರಿಳಿಯುತ್ತದೆ ಅಂತ ಬೋರ್ಡಿನಲ್ಲಿ ಗ್ರಾಫ್ ಬರೆಯುತ್ತೇನೆ. ಹೃದಯದ ಕೆಳಕೋಣೆಯ ಸ್ನಾಯುಕೋಶ ಬಡಿತಗಳ ನಡುವೆ ಮೈನಸ್ 90 ಮಿಲಿವೋಲ್ಟ್ ಹತ್ತಿರ ಸುಮ್ನೆ ಇರುತ್ತದೆ. ಎಸ್‌ಎ ನೋಡ್‌ನಲ್ಲಿರುವ ಪೇಸ್‌ಮೇಕರ್ ಕೋಶಕ್ಕೆ ಸುಮ್ನೆ ಇರಲು ಬರುವುದಿಲ್ಲ. ಮೈನಸ್ 60ರ ಹತ್ತಿರ ಇಳಿದಾಗ ಅದರ ಪೊರೆಯ ಕೆಲವು ಚಾನೆಲ್‌ಗಳು (ಅಯಾನುಗಳು ದಾಟುವ ಬಾಗಿಲುಗಳು) ತೆರೆದು ಸೋಡಿಯಂ ಒಳಗೆ ಜಿನುಗುತ್ತದೆ. ಬೇರೆ ಸೋಡಿಯಂ ಚಾನೆಲ್‌ಗಳು ವೋಲ್ಟೇಜ್ ಏರಿದಾಗ ತೆರೆದರೆ, ಇವು ಇಳಿದಾಗ ತೆರೆಯುತ್ತವೆ. ವೋಲ್ಟೇಜ್ ನಿಧಾನಕ್ಕೆ ಏರುತ್ತದೆ. ಮೈನಸ್ 40 ಮುಟ್ಟುವ ಹೊತ್ತಿಗೆ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಸಂಕೇತ ಹೊರಡುತ್ತದೆ. ಆಮೇಲೆ ಪೊಟ್ಯಾಸಿಯಂ ಹೊರಗೆ ಹೋಗಿ ವೋಲ್ಟೇಜ್ ಇಳಿಯುತ್ತದೆ. ಇಳಿಯಿತು ಅಂದರೆ ಅದೇ ಚಾನೆಲ್‌ಗಳು ಮತ್ತೆ ತೆರೆಯುತ್ತವೆ! ಮೆದುಳಿನ ಅಪ್ಪಣೆಗೆ ಕಾಯಬೇಕಿಲ್ಲ. ಕಸಿ ಮಾಡಿದ ಹೃದಯ, ನರಗಳನ್ನು ಕತ್ತರಿಸಿದ್ದರೂ, ಬಡಿಯುವುದು ಹೀಗೇ.

ಮಾದರಿಯ ವೇಗದ ಗುಂಡಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದನ್ನು ಜಾಸ್ತಿ ಮಾಡುತ್ತಾ, ಅಡ್ರಿನಲಿನ್ ಬಂದಾಗ ಗ್ರಾಫಿನ ಆ ನಿಧಾನದ ಏರು ಹೇಗೆ ಕಡಿದಾಗುತ್ತದೆ ಅಂತ ತೋರಿಸಬಹುದು. ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ. ಆ ಗ್ರಾಫನ್ನು ಚಾರ್ಟಿನಲ್ಲೇ ಅಚ್ಚು ಹಾಕಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ಈಗ ನಾಲ್ಕು.

ತಗೊಳ್ಳುವವರು ಮಳೆಗಾಲದಲ್ಲಿ ಸೆಲ್ ತೆಗೆದಿಡಿ. ನಮ್ಮ ಕರಾವಳಿಯ ತೇವಕ್ಕೆ ಸ್ಪ್ರಿಂಗ್ ಬೇಗ ತುಕ್ಕು ಹಿಡಿಯುತ್ತದೆ.