ಮೊದಲ ಸಲ ಕಿಲ್ಟ್: ಬಾಡಿಗೆ ಸೆಟ್ ಹೇಗಿದೆ, ಕೊಡಗಿನಿಂದ ಅಳತೆ ಕಳಿಸುವುದು ಹೇಗೆ

ಓದಿಗೋ ಕೆಲಸಕ್ಕೋ ಸ್ಕಾಟ್ಲೆಂಡ್‌ನ ಎಡಿನ್‌ಬರ್ಗ್, ಗ್ಲಾಸ್ಗೋ, ಅಬರ್ಡೀನ್ ಕಡೆ ಹೋದ ಕೊಡಗಿನ ಹುಡುಗರಿಗೆ ಒಂದಲ್ಲ ಒಂದು ದಿನ ಅಲ್ಲಿನ ಸ್ನೇಹಿತರ ಮದುವೆಗೆ ಕರೆ ಬರುತ್ತದೆ. ಅಲ್ಲಿನ ಗಂಡಸರ ಸಾಂಪ್ರದಾಯಿಕ ಉಡುಗೆಯಾದ, ಮೊಣಕಾಲುದ್ದದ ನೆರಿಗೆಯ ಕಿಲ್ಟ್ ಉಟ್ಟು ಬಾ ಎಂಬ ಒತ್ತಾಯವೂ ಜೊತೆಗಿರುತ್ತದೆ. ಆಗ ಇರುವ ದಾರಿ ಮೂರು: ಅಲ್ಲಿನ ಅಂಗಡಿಯಿಂದ ಇಡೀ ಸೆಟ್ ಬಾಡಿಗೆಗೆ ತರುವುದು, ಆನ್‌ಲೈನ್‌ನಲ್ಲಿ ಅಗ್ಗದ ಸೆಟ್ ಕೊಳ್ಳುವುದು, ಇಲ್ಲವೇ ಉಣ್ಣೆಯ ಕಿಲ್ಟ್ ಹೊಲಿಸುವುದು. ಮೊದಲ ಸಲಕ್ಕೆ ಬಾಡಿಗೆಯೇ ಸರಿ. ಐದಕ್ಕೆ ನಾಲ್ಕು ಅಂಕ ಕೊಡಬಹುದು. ಒಂದು ಅಂಕ ಕಳೆದಿರುವುದು ಜೊತೆಗೆ ಬರುವ ಬೂಟಿಗಾಗಿ. ಆದರೆ ಅಳತೆ ತಪ್ಪಿದರೆ ಎಷ್ಟು ಒಳ್ಳೆಯ ಅಂಗಡಿಯ ಸೆಟ್ ಆದರೂ ಮೈಮೇಲೆ ಕೂರುವುದಿಲ್ಲ. ಹಾಗಾಗಿ ಅಳತೆಯಿಂದಲೇ ಶುರು ಮಾಡುತ್ತೇವೆ.

ಕೊಡವರ ಉದ್ದ ನಿಲುವಂಗಿ ಕುಪ್ಯ ತೊಟ್ಟು ಅಭ್ಯಾಸ ಇರುವವರು ಎಡವುವುದು ಇಲ್ಲೇ. ಕುಪ್ಯ ಸಡಿಲವಾದ ಬಟ್ಟೆ, ಚೇಲೆ ಎಂಬ ನಡುಪಟ್ಟಿ ಬಿಗಿದ ಮೇಲೆ ಮೈಗೆ ಕೂರುತ್ತದೆ. ಅಣ್ಣನದು ತಮ್ಮನಿಗೂ ಒಂದು ಮಟ್ಟಿಗೆ ಆಗುತ್ತದೆ. ಕಿಲ್ಟ್ ಹಾಗಲ್ಲ. ದೊಡ್ಡವರ ಪೂರ್ಣ ಕಿಲ್ಟ್‌ಗೆ ಎಂಟು ಗಜ, ಅಂದರೆ ಸುಮಾರು 7.3 ಮೀಟರ್ ಬಟ್ಟೆ ಹೋಗುತ್ತದೆ. ಹಿಂಭಾಗದ ಒಂದೊಂದು ನೆರಿಗೆಯನ್ನೂ ಸೊಂಟದಿಂದ ಪೃಷ್ಠದವರೆಗೆ ಹೊಲಿದು ಕೂರಿಸಿರುತ್ತಾರೆ. ನೆರಿಗೆ ಸೊಂಟದ ಹತ್ತಿರ ಕಿರಿದು, ಕೆಳಗೆ ಬರುತ್ತಾ ಅಗಲ. ಹೊಲಿಗೆ ನಿಂತ ಜಾಗದಿಂದ ಮುಂದಕ್ಕೆ ಅವು ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಪಟ್ಟಿ, ಬಕಲ್‌ಗಳಿಂದ ಹೆಚ್ಚುಕಡಿಮೆ ಮಾಡಲು ಸಿಗುವುದು ಒಂದೆರಡು ಇಂಚು ಮಾತ್ರ.

ಅಳೆಯಬೇಕಾದದ್ದು ಹೊಕ್ಕುಳ ಮಟ್ಟದ ಸುತ್ತಳತೆ. ಪ್ಯಾಂಟ್ ಸೈಜ್ ಇಲ್ಲಿ ಕೆಲಸಕ್ಕೆ ಬಾರದು. ಪ್ಯಾಂಟ್ ನಿಲ್ಲುವುದು ಅದಕ್ಕಿಂತ ಕೆಳಗೆ, ಲೇಬಲ್ ಮೇಲಿನ ಸಂಖ್ಯೆಯೂ ನಿಜವಾದ ಅಳತೆಗಿಂತ ಕಡಿಮೆಯೇ ಇರುತ್ತದೆ. 32ರ ಪ್ಯಾಂಟ್ ಹಾಕುವವರಿಗೆ ಹೊಕ್ಕುಳ ಮಟ್ಟದಲ್ಲಿ 34, 35 ಬರುವುದು ಸಾಮಾನ್ಯ. ತೆಳು ಶರ್ಟಿನ ಮೇಲೆ, ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಸಹಜವಾಗಿ ಉಸಿರಾಡುತ್ತಾ ನಿಲ್ಲಬೇಕು. ಟೇಪ್ ಇನ್ನೊಬ್ಬರು ಹಿಡಿಯಲಿ. ತಾವೇ ಬಗ್ಗಿ ನೋಡಿಕೊಂಡರೆ ಟೇಪ್ ಜಾರಿ ಅಳತೆ ಕೆಡುತ್ತದೆ. ಎರಡನೆಯದು ಸೀಟ್ ಅಳತೆ, ಪೃಷ್ಠ ಅತಿ ಅಗಲವಾಗಿರುವ ಕಡೆಯ ಸುತ್ತಳತೆ. ಮೂರನೆಯದು ಉದ್ದ. ನೆಲದ ಮೇಲೆ ಎರಡೂ ಮೊಣಕಾಲೂರಿ, ಬೆನ್ನು ನೆಟ್ಟಗಿಟ್ಟು, ಹೊಕ್ಕುಳಿನಿಂದ ನೆಲದವರೆಗೆ ಅಳೆದು ಸುಮಾರು ಒಂದು ಇಂಚು ಕಳೆಯಿರಿ. ಎದ್ದು ನಿಂತಾಗ ಅಂಚು ಮೊಣಕಾಲ ಚಿಪ್ಪಿನ ಮೇಲ್ತುದಿಗೂ ನಡುಮಧ್ಯಕ್ಕೂ ನಡುವೆ ಎಲ್ಲಾದರೂ ಬರಬೇಕು.

ಉದ್ದದ ಅಳತೆಯನ್ನು ಹೆಚ್ಚಿನವರು ಕಳಿಸುವುದೇ ಇಲ್ಲ. ಸಿದ್ಧ ಕಿಲ್ಟ್‌ಗಳು ಹೆಚ್ಚಾಗಿ 24 ಇಂಚಿನವು. ಐದು ಅಡಿ ಐದು ಇಂಚಿನವರಿಗೆ ಅದು ಮೊಣಕಾಲು ಮುಚ್ಚುತ್ತದೆ. ಇನ್ನು ಎತ್ತರದವರು ಪ್ಯಾಂಟಿನ ಅಭ್ಯಾಸದಲ್ಲಿ ಎರಡು ಇಂಚು ಕೆಳಗೆ ಉಟ್ಟರೂ ಅದೇ ಆಗುತ್ತದೆ. ಒಂದು ತಪ್ಪು ನಾಲ್ಕು ಕಡೆ ಕಾಣುತ್ತದೆ: ಅಂಚು ಮೊಣಕಾಲು ದಾಟುತ್ತದೆ, ಹಿಂದೆ ನೆರಿಗೆಗಳು ಜೋತು ಬೀಳುತ್ತವೆ, ಮುಂದೆ ನೇತಾಡುವ ಸ್ಪೋರನ್ ಚೀಲ ತೊಡೆಯ ನಡುವಿಗೆ ಇಳಿಯುತ್ತದೆ, ವೇಸ್ಟ್‌ಕೋಟ್ ಮತ್ತು ಕಿಲ್ಟ್ ನಡುವೆ ಬಿಳಿ ಶರ್ಟ್ ಇಣುಕುತ್ತದೆ.

ಉದ್ದ ಜಾಸ್ತಿ ಎಂದು ಕಿಲ್ಟನ್ನು ದಯವಿಟ್ಟು ಮಡಿಕೇರಿಯ, ಗೋಣಿಕೊಪ್ಪದ ಟೈಲರ್ ಕೈಗೆ ಕೊಟ್ಟು ಕೆಳಗೆ ಮಡಚಿ ಹೊಲಿಸಬೇಡಿ. ಒಳ್ಳೆಯ ಕಿಲ್ಟ್‌ನ ಕೆಳ ಅಂಚು ಮಗ್ಗದಿಂದ ಬಂದ ನೇಯ್ಗೆಯ ಅಂಚು. ಅಲ್ಲಿ ಮಡಿಕೆಯೇ ಇರುವುದಿಲ್ಲ. ಮಡಚಿದರೆ ಪ್ರತಿ ನೆರಿಗೆಯ ತುದಿಯೂ ದಪ್ಪವಾಗಿ ನೆರಿಗೆ ಬಾಗುತ್ತದೆ, ಮುಂದೆಂದೂ ನೆಟ್ಟಗಾಗುವುದಿಲ್ಲ. ನಮ್ಮ ಟೈಲರ್‌ಗಳು ಚೆನ್ನಾಗಿ ಮಾಡಬಲ್ಲ ಕೆಲಸ ಬೇರೆ: ಬಕಲ್ ಬಿಚ್ಚಿ ಒಂದೆರಡು ಇಂಚು ಆಚೀಚೆ ಕೂರಿಸುವುದು. ಅದೂ ನಿಮ್ಮದೇ ಕಿಲ್ಟ್ ಆಗಿದ್ದರೆ ಮಾತ್ರ. ಬಾಡಿಗೆಯದಕ್ಕೆ ಸೂಜಿ ತಾಗಿಸಬಾರದು.

ಇನ್ನು ಸೆಟ್ ವಿಷಯ. ಪೂರ್ತಿ ಸೆಟ್‌ಗೆ ಬಾಡಿಗೆ ನೂರು ಪೌಂಡ್ ಆಸುಪಾಸು ಆಗುತ್ತದೆ, ಅಂಗಡಿ ಮತ್ತು ಜಾಕೆಟ್ ನೋಡಿಕೊಂಡು ಹೆಚ್ಚುಕಡಿಮೆ. ಅದರಲ್ಲಿ ಕಿಲ್ಟ್, ಜಾಕೆಟ್, ವೇಸ್ಟ್‌ಕೋಟ್, ಉದ್ದನೆಯ ಉಣ್ಣೆ ಸಾಕ್ಸ್, ಫ್ಲ್ಯಾಶ್ ಎನ್ನುವ ಬಣ್ಣದ ಪಟ್ಟಿ, ಗಿಲ್ಲಿ ಬ್ರೋಗ್ ಬೂಟು, ಸರಪಳಿ ಸಹಿತ ಸ್ಪೋರನ್, ಕಿಲ್ಟ್ ಪಿನ್, ಸಾಕ್ಸ್‌ಗೆ ಸಿಕ್ಕಿಸುವ ಪುಟ್ಟ ಚೂರಿ ಇರುತ್ತವೆ. ಶರ್ಟ್ ಕೆಲವು ಕಡೆ ಸೇರಿರುವುದಿಲ್ಲ, ಕೇಳಿಕೊಳ್ಳಿ. ಬಾಡಿಗೆ ಕಿಲ್ಟ್‌ಗಳು ಸಾಮಾನ್ಯವಾಗಿ ನಿಜವಾದ ಉಣ್ಣೆಯವು, ನೆರಿಗೆ ಗಟ್ಟಿಯಾಗಿರುತ್ತವೆ. ಈ ಬೆಲೆಗೆ ಅದು ದೊಡ್ಡ ಲಾಭ. ಜಾಕೆಟ್‌ನಲ್ಲಿ ಎರಡು ಬಗೆ. ಪ್ರಿನ್ಸ್ ಚಾರ್ಲಿ ಸಂಜೆಯ ಔಪಚಾರಿಕ ಊಟಕ್ಕೆ, ಬೋ ಟೈ ಜೊತೆ. ಅರ್ಗೈಲ್ ಹಗಲಿಗೂ ಸಂಜೆಗೂ ನಡೆಯುತ್ತದೆ. ಒಂದೇ ಆರಿಸಬೇಕಿದ್ದರೆ ಅರ್ಗೈಲ್. ಮನೆಯಲ್ಲಿರುವ ಸೂಟ್ ಕೋಟನ್ನೇ ಹಾಕಿ ಹಣ ಉಳಿಸೋಣ ಎಂಬ ಯೋಚನೆ ಬೇಡ: ಅದು ಉದ್ದ, ಕಿಲ್ಟ್‌ನ ಮೇಲರ್ಧವನ್ನೆಲ್ಲ ಮುಚ್ಚಿ ಆಳು ಕುಳ್ಳಗೆ ಕಾಣುತ್ತಾನೆ.

ಬೂಟಿಗೆ ಅಂಕ ಕಳೆದ ಕಾರಣ ಇಷ್ಟೇ. ಗಿಲ್ಲಿ ಬ್ರೋಗ್‌ಗೆ ನಾಲಿಗೆ ಇರುವುದಿಲ್ಲ, ಲೇಸ್ ನೇರವಾಗಿ ಪಾದದ ಮೇಲೆ ಒತ್ತುತ್ತದೆ. ಬಾಡಿಗೆಯ ಜೋಡಿಗಳು ಹತ್ತಾರು ಪಾದಗಳಿಗೆ ಬಗ್ಗಿ ಯಾರ ಪಾದಕ್ಕೂ ಸರಿಯಾಗಿ ಕೂರದಂತಾಗಿರುತ್ತವೆ. ರಾತ್ರಿ ಕುಣಿತ ಇದ್ದರೆ ಹಿಮ್ಮಡಿ ಸುಲಿಯುವುದು ಖಂಡಿತ. ದಪ್ಪ ಸಾಕ್ಸ್ ಹಾಕಿಕೊಂಡೇ ಬೂಟಿನ ಅಳತೆ ನೋಡಿ, ಹಿಮ್ಮಡಿಗೆ ಮೊದಲೇ ಪ್ಲಾಸ್ಟರ್ ಅಂಟಿಸಿ. ನಿಮ್ಮದೇ ಕಪ್ಪು ಲೇಸ್ ಬೂಟು ಪಾಲಿಶ್ ಮಾಡಿ ಹಾಕಿದರೂ ಯಾರೂ ಆಕ್ಷೇಪಿಸುವುದಿಲ್ಲ.

ಬೇಸಿಗೆ ಅಲ್ಲಿ ಮದುವೆಯ ಕಾಲ. ಎರಡು ಮೂರು ತಿಂಗಳು ಮೊದಲೇ ಅಳತೆ ಕಳಿಸಿ, ಸಮಾರಂಭಕ್ಕೆ ಎರಡು ದಿನ ಇರುವಾಗ ಅಂಗಡಿಗೆ ಹೋಗಿ ಅಲ್ಲೇ ಪೂರ್ತಿ ಉಟ್ಟು ನೋಡಿ. ಚೀಲ ಹಾಗೇ ಕಟ್ಟಿಕೊಂಡು ಹೋಟೆಲ್‌ಗೆ ಬಂದರೆ ತಪ್ಪು ಸಾಕ್ಸ್, ಒಂಟಿ ಫ್ಲ್ಯಾಶ್ ಗೊತ್ತಾಗುವುದು ಮದುವೆಯ ಬೆಳಿಗ್ಗೆ.

ಉಡುವ ಕ್ರಮ ಮುಖ್ಯ. ಶರ್ಟ್ ಆದ ಕೂಡಲೇ ಸಾಕ್ಸ್ ಮತ್ತು ಬೂಟು, ಆಮೇಲೆ ಕಿಲ್ಟ್. ಕಿಲ್ಟ್ ಬಿಗಿದ ಮೇಲೆ ಬಗ್ಗಿ ಲೇಸ್ ಕಟ್ಟುವುದು ಕಷ್ಟ, ಕಟ್ಟಿದರೂ ಶರ್ಟ್ ಎದ್ದು ಬರುತ್ತದೆ. ಸಾಕ್ಸನ್ನು ಮೊಣಕಾಲ ಚಿಪ್ಪಿನಿಂದ ಮೂರು ಬೆರಳು ಕೆಳಗೆ ನಿಲ್ಲುವಂತೆ ಮಡಚಿ. ಫ್ಲ್ಯಾಶ್‌ನ ಇಲಾಸ್ಟಿಕ್ ಮಡಿಕೆಯ ಒಳಗಿರಬೇಕು, ಬಣ್ಣದ ತುದಿಗಳು ಮಾತ್ರ ಕಾಲಿನ ಹೊರಬದಿಗೆ ಕಾಣಬೇಕು. ಲೇಸನ್ನು ಪಾದದ ಮೇಲೆ ಮೂರು ನಾಲ್ಕು ಸಲ ಹುರಿಮಾಡಿ ಮೇಲಕ್ಕೆ ತಂದು, ಕಣಕಾಲಿನ ಹಿಂದಿನಿಂದ ಸುತ್ತಿ ಮುಂದೆ ಗಂಟು ಹಾಕಿ. ಮೀನಖಂಡದವರೆಗೆ ಸುತ್ತಿಕೊಂಡು ಹೋಗಬೇಡಿ, ನಡೆಯುವಾಗ ಜಾರಿ ಇಳಿಯುತ್ತದೆ.

ಕಿಲ್ಟನ್ನು ಬೆನ್ನ ಹಿಂದೆ ಹಿಡಿದು ನೆರಿಗೆ ಹಿಂದಕ್ಕೆ ಬರುವಂತೆ ನಿಲ್ಲಿ. ಬಲಗೈಯಲ್ಲಿರುವ ತುದಿ ಒಳಪದರ. ಅದನ್ನು ಹೊಟ್ಟೆಯ ಮೇಲಿನಿಂದ ಎಡಕ್ಕೆ ತಂದು, ಅದರ ಪಟ್ಟಿಯನ್ನು ಎಡ ಸೊಂಟದಲ್ಲಿರುವ ಸೀಳಿನ ಮೂಲಕ ಹೊರಗೆ ಎಳೆದು ಬಕಲ್ ಹಾಕಿ. ಈ ಸೀಳು ಕಣ್ಣಿಗೆ ಬೀಳದೆ ಪಟ್ಟಿಯನ್ನು ಒಳಗೇ ಬಿಟ್ಟುಬಿಡುವವರು ಇದ್ದಾರೆ. ಹಾಗಾದರೆ ಅರ್ಧ ಗಂಟೆಯಲ್ಲಿ ಒಳಪದರ ಜಾರಿ ಮುಂಪದರದ ಕೆಳಗೆ ಇಣುಕುತ್ತದೆ. ನಂತರ ಎಡಗೈಯ ತುದಿಯನ್ನು ಬಲಕ್ಕೆ ತಂದು ಬಲ ಸೊಂಟದಲ್ಲಿ ಬಕಲ್ ಹಾಕಿ. ಬಲಗಡೆ ಎರಡು ಬಕಲ್ ಇದ್ದರೆ ಮೇಲಿನದು ಬಿಗಿಯಾಗಿರಲಿ, ಕೆಳಗಿನದು ಸ್ವಲ್ಪ ಸಡಿಲ. ಕೆಳಗಿನದನ್ನೂ ಬಿಗಿದರೆ ಹಿಂದೆ ನೆರಿಗೆ ಬಾಯಿ ಬಿಡುತ್ತದೆ. ಟಾರ್ಟನ್ ಎಂಬ ಚೌಕಳಿ ವಿನ್ಯಾಸದ ನಡುಗೆರೆ ಹೊಕ್ಕುಳಿಗೆ ನೇರವಾಗಿದೆಯೇ, ಕುಚ್ಚಿನ ಅಂಚು ಬಲಬದಿಗೆ ಬಂದಿದೆಯೇ ಎಂದು ಕನ್ನಡಿಯಲ್ಲಿ ನೋಡಿ.

ಪಿನ್ ಬಗ್ಗೆ ಎಚ್ಚರ. ಅದು ಬಲ ಅಂಚಿನಿಂದ ಸುಮಾರು ಎರಡು ಇಂಚು ಒಳಗೆ, ಕೆಳ ಅಂಚಿನಿಂದ ನಾಲ್ಕು ಇಂಚು ಮೇಲೆ, ಮುಂಪದರಕ್ಕೆ ಮಾತ್ರ ಚುಚ್ಚಬೇಕು. ಗಾಳಿಗೆ ಹಾರದಿರಲಿ ಎಂದು ಎರಡೂ ಪದರಗಳನ್ನು ಸೇರಿಸಿ ಚುಚ್ಚಿದರೆ, ಕೂತಾಗ ಪದರಗಳು ಬೇರೆ ಬೇರೆ ಕಡೆ ಎಳೆದು ಬಟ್ಟೆ ಹರಿಯುತ್ತದೆ. ಬಾಡಿಗೆ ಅಂಗಡಿಯವರು ಆ ತೂತಿಗೆ ದಂಡ ಹಾಕಿದರೆ ತಪ್ಪೇನಿಲ್ಲ.

ಸ್ಪೋರನ್‌ನ ಸರಪಳಿಯನ್ನು ಹಿಂದಿನ ಎರಡು ಕುಣಿಕೆಗಳಲ್ಲಿ ಹಾಯಿಸಿ. ಚೀಲ ನಡುಮಧ್ಯದಲ್ಲಿ, ವೇಸ್ಟ್‌ಕೋಟ್‌ನ ಕೊನೆಯ ಗುಂಡಿಗಿಂತ ಮೂರು ನಾಲ್ಕು ಬೆರಳು ಕೆಳಗಿರಲಿ. ವೇಸ್ಟ್‌ಕೋಟ್ ಇದ್ದರೆ ಅಗಲ ಬೆಲ್ಟ್ ಬೇಡ, ಬಕಲ್ ಉಬ್ಬಿ ಗುಂಡಿಯನ್ನು ತಳ್ಳುತ್ತದೆ. ಕಿಲ್ಟ್‌ಗೆ ಜೇಬಿಲ್ಲ, ಫೋನ್, ರೂಮ್ ಕೀ, ಕಾರ್ಡ್ ಎಲ್ಲ ಸ್ಪೋರನ್‌ಗೇ ಹೋಗಬೇಕು. ಅದನ್ನು ತುಂಬಿಸಿದಷ್ಟೂ ಕಿಲ್ಟ್ ಮುಂದಕ್ಕೆ ಜಗ್ಗುತ್ತದೆ. ಕೇಲಿ ಎಂಬ ಅಲ್ಲಿನ ಗುಂಪು ಕುಣಿತದಲ್ಲಿ ಅದನ್ನು ಪಕ್ಕದ ಸೊಂಟಕ್ಕೆ ಸರಿಸಿಕೊಳ್ಳಿ. ಸ್ಟ್ರಿಪ್ ದ ವಿಲೋದಂಥ ಗಿರಗಿರ ತಿರುಗುವ ಕುಣಿತದಲ್ಲಿ ಮುಂದಿದ್ದರೆ ಪೆಟ್ಟು ಬೀಳುತ್ತದೆ. ಕಿಲ್ಟ್ ಒಳಗೆ ಏನೂ ಹಾಕುವುದಿಲ್ಲವಂತೆ ಎಂದು ಕೇಳಿಬರುವ ಮಾತುಗಳನ್ನು ಬದಿಗಿಡಿ: ಬಾಡಿಗೆ ಬಟ್ಟೆಗೆ ಒಳ ಉಡುಪು ಕಡ್ಡಾಯ. ಕೂರುವಾಗ ಕೈಯ ಹಿಂಬದಿಯಿಂದ ನೆರಿಗೆಗಳನ್ನು ಕೆಳಕ್ಕೆ ಸವರಿಕೊಂಡು ಕೂರಬೇಕು, ಮುಂಪದರ ತೊಡೆಗಳ ನಡುವೆ ಇಳಿದಿರಬೇಕು. ಹೈಲ್ಯಾಂಡ್ಸ್‌ನಲ್ಲಿ ಬೇಸಿಗೆಯ ಸಂಜೆ ಹೊರಗೆ ಫೋಟೋ ಇದ್ದರೆ ಮಿಜ್ ಎಂಬ ಸಣ್ಣ ನೊಣಗಳು ಬರಿಗಾಲಿಗೆ ಮುತ್ತುತ್ತವೆ, ಮೊಣಕಾಲಿಗೆ ಔಷಧಿ ಹಚ್ಚಿಕೊಳ್ಳಿ.

ಪುಟ್ಟ ಚೂರಿಯ ಹೆಸರು ಸ್ಕೀನ್ ಡೂ. ಬಲಗೈ ಬಳಸುವವರಿಗೆ ಬಲ ಸಾಕ್ಸ್‌ನಲ್ಲಿ, ಹಿಡಿಯ ಮೇಲಿನ ಒಂದೆರಡು ಇಂಚು ಮಾತ್ರ ಕಾಣುವಂತೆ. ಪೀಚೆಕತ್ತಿಯಂತೆ ಇದೂ ಉಡುಗೆಯ ಅಂಗ, ಸ್ಕಾಟ್ಲೆಂಡ್‌ನ 1995ರ ಕಾನೂನು ರಾಷ್ಟ್ರೀಯ ಉಡುಗೆಯ ಭಾಗವಾಗಿ ಧರಿಸಲು ಅವಕಾಶ ಕೊಡುತ್ತದೆ. ವಿಮಾನದ ಕ್ಯಾಬಿನ್‌ಗೆ ಮಾತ್ರ ನಡೆಯದು. ಚೆಕ್ ಇನ್ ಪೆಟ್ಟಿಗೆಗೆ ಹಾಕಬೇಕು. ಬಾಡಿಗೆ ಸೆಟ್‌ನಲ್ಲಿ ಅಲಗಿಲ್ಲದ ನಕಲಿ ಕೊಟ್ಟರೆ ಬೇಸರ ಬೇಡ, ಅದೇ ನೆಮ್ಮದಿ.

ಯಾವ ಟಾರ್ಟನ್ ಎಂಬ ಪ್ರಶ್ನೆ ಕೊಡಗಿನವರಿಗೆ ಸಹಜವಾಗಿ ಬರುತ್ತದೆ, ಒಕ್ಕದ (ಮನೆತನದ) ಹೆಸರಿಲ್ಲದೆ ನಮ್ಮಲ್ಲಿ ಪರಿಚಯವೇ ಶುರುವಾಗುವುದಿಲ್ಲ. ಅಲ್ಲಿ ಕುಲಗಳಿಗೆ ತಮ್ಮ ತಮ್ಮ ಟಾರ್ಟನ್ ಇದೆ, ಆದರೆ ಹೊರಗಿನವರು ಉಡಬಾರದೆಂಬ ಕಾನೂನಿಲ್ಲ. ಬಾಲ್ಮೋರಲ್ ಎಂಬುದೊಂದನ್ನು ರಾಜಮನೆತನಕ್ಕೆ ಬಿಟ್ಟುಬಿಡುವುದು ಸಂಪ್ರದಾಯ. ಕಡುಹಸಿರು, ನೀಲಿ, ಕಪ್ಪಿನ ಬ್ಲ್ಯಾಕ್ ವಾಚ್ ಯಾರು ಉಟ್ಟರೂ ಒಪ್ಪುತ್ತದೆ. 2009ರಿಂದ ಟಾರ್ಟನ್‌ಗಳಿಗೆ ಸರ್ಕಾರಿ ದಾಖಲೆ ಪುಸ್ತಕವಿದೆ, ಆನ್‌ಲೈನ್‌ನಲ್ಲಿ ಹೆಸರು ಹುಡುಕಿ ನೋಡಬಹುದು. ಮದುಮಗನ ಕಡೆಯವರು ಯಾವುದು ಉಡುತ್ತಿದ್ದಾರೆ ಎಂದು ಕೇಳಿ ಆರಿಸುವುದು ಮರ್ಯಾದೆ.

ಆನ್‌ಲೈನ್‌ನ ಅಗ್ಗದ ಅಕ್ರಿಲಿಕ್ ಸೆಟ್‌ಗೆ ಒಂದೂವರೆ ಅಂಕ. ಬಟ್ಟೆ ಐದು ಗಜದಷ್ಟೇ ಇರುವುದರಿಂದ ನೆರಿಗೆ ಆಳವಿಲ್ಲ, ನಡೆದರೆ ಬೀಸುವುದಿಲ್ಲ. ನೆರಿಗೆಯಿಂದ ನೆರಿಗೆಗೆ ಚೌಕಳಿ ಕೂಡಿಕೊಳ್ಳುವುದಿಲ್ಲ. ಹಿಂದಿನಿಂದ ತೆಗೆದ ಫೋಟೋದಲ್ಲಿ ಇದು ಮೊದಲು ಕಾಣುತ್ತದೆ. ಇಸ್ತ್ರಿ ಬಿಸಿ ಹೆಚ್ಚಾದರೆ ಕರಗುತ್ತದೆ. ಕಾಲೇಜ್ ಡೇ ನಾಟಕಕ್ಕೆ ಸಾಕು, ಇನ್ನೊಬ್ಬರ ಮದುವೆಗೆ ಅವರದೇ ಉಡುಗೆಯನ್ನು ಈ ರೂಪದಲ್ಲಿ ಉಟ್ಟು ಹೋಗುವುದು ಚೆನ್ನಲ್ಲ.

ಹೊಲಿಸುವ ಕಿಲ್ಟ್‌ನ ಗುಣಕ್ಕೆ ಪೂರ್ತಿ ಐದು ಅಂಕ. ಬೆಲೆ ಐನೂರು ಪೌಂಡ್‌ಗೂ ಮೇಲೆ, ಜಾಕೆಟ್ ಬೇರೆ, ಕೈಗೆ ಬರಲು ಹಲವು ವಾರ. ಅಲ್ಲೇ ನೆಲೆಸಿ ವರ್ಷಕ್ಕೆ ಒಂದೆರಡು ಸಮಾರಂಭ ಇರುವವರಿಗೆ ಸಾರ್ಥಕ. ಗಜಕ್ಕೆ 16 ಔನ್ಸ್ ತೂಗುವ ಉಣ್ಣೆ ಆರಿಸಿ. 10, 11 ಔನ್ಸ್‌ನದು ಹಗುರ ನಿಜ, ಆದರೆ ಒಂದು ಸಂಜೆ ಕೂತೆದ್ದರೆ ನೆರಿಗೆ ಸುಕ್ಕಾಗುತ್ತದೆ. ಹೊಸ ಕಿಲ್ಟ್‌ನ ನೆರಿಗೆಗಳ ಅಡ್ಡಲಾಗಿ ಬಿಳಿ ದಾರದ ಕಚ್ಚಾ ಹೊಲಿಗೆ ಇರುತ್ತದೆ, ಉಡುವ ಮೊದಲು ಕತ್ತರಿಸಿ ತೆಗೆಯಬೇಕು. ಪ್ರಯಾಣಕ್ಕೆ ನೆರಿಗೆ ಉದ್ದಕ್ಕೆ ಬರುವಂತೆ ಪಕ್ಕದಿಂದ ಪಕ್ಕಕ್ಕೆ ಸುರುಳಿ ಸುತ್ತಿ, ಹಳೆಯ ಉದ್ದ ಸ್ಟಾಕಿಂಗ್‌ನ ಕಾಲಿನೊಳಗೆ ತೂರಿಸಿಟ್ಟರೆ ಇಸ್ತ್ರಿ ಬೇಕಾಗುವುದೇ ಅಪರೂಪ. ಇಸ್ತ್ರಿ ಬೇಕಾದರೆ ನೆರಿಗೆಗೆ ಮೊದಲು ಟಾಕೆ ಹಾಕಿ, ಒದ್ದೆ ಬಟ್ಟೆ ಹರಡಿ ಒತ್ತಿ ಎತ್ತಬೇಕು, ಉಜ್ಜಬಾರದು.

ಕೊಡಗಿಗೆ ತಂದು ಇಡುವವರಿಗೆ ಶತ್ರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಬೆವರು ತಾಗಿದ ಉಣ್ಣೆಯನ್ನು ಹಾಗೇ ಕಪಾಟಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ, ನುಸಿ ತೂತು ಮಾಡುತ್ತದೆ. ನೆರಳಲ್ಲಿ ಗಾಳಿಗೆ ಎರಡು ದಿನ ತೂಗುಹಾಕಿ, ಬ್ರಷ್ ಮಾಡಿ, ಹತ್ತಿ ಚೀಲದಲ್ಲಿ ನ್ಯಾಫ್ತಲಿನ್ ಗುಳಿಗೆ ಜೊತೆ ಇಡಿ. ಒಣಗಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಉಣ್ಣೆ ಹೊಗೆ ಕುಡಿಯುತ್ತದೆ, ಆ ವಾಸನೆ ಡ್ರೈ ಕ್ಲೀನಿಂಗ್‌ನಲ್ಲೂ ಸುಲಭವಾಗಿ ಹೋಗದು. ಚರ್ಮದ ಸ್ಪೋರನ್ ಮತ್ತು ಬೂಟುಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಬೇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಟ್ಟೆ ಚೀಲದಲ್ಲಿಟ್ಟು, ಹೊಳವಾದ ದಿನ ಹೊರತೆಗೆದು ಒರೆಸಿ ಪಾಲಿಶ್ ಹಚ್ಚಿ.